ಮೆಗಾವ್ಯಾಟ್ ಅಂದರೆ ಎಷ್ಟು ಸೇರು?

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನದ ವಿಚಾರಗೋಷ್ಠಿಯಲ್ಲಿ ಮೂರನೆಯ ಬ್ಯಾಚಿನ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ. ಫೋನಿನಲ್ಲಿ ಮುದ್ರಿಸಿಕೊಂಡು ಬರೆದದ್ದನ್ನು ಅವರೇ ಓದಿ ತಿದ್ದಿಕೊಟ್ಟಿದ್ದಾರೆ.)



ನನಗೆ ಕೊಟ್ಟಿರುವ ವಿಷಯ ‘ಹವಾಮಾನ ಬದಲಾವಣೆ ಮತ್ತು ಹಸಿರು ಇಂಧನ’. ಕರೆಂಟಿನ ಇಲಾಖೆಯಲ್ಲಿ ಕೆಲಸ ಮಾಡಿದವನು, ಇವನೇ ಸರಿ ಅಂತ ಸಂಘಟಕರು ಅಂದುಕೊಂಡಿರಬೇಕು. ನನಗಿಂತ ಮುಂಚೆ ಮಾತಾಡಿದವರು ಸೂರ್ಯನ ಕರೆಂಟು ಬಂದರೆ ನಮ್ಮ ಕಷ್ಟವೆಲ್ಲ ತೀರುತ್ತದೆ ಎಂದು ಚೆನ್ನಾಗಿ ಹೇಳಿದರು. ನೀವು ಚಪ್ಪಾಳೆಯನ್ನೂ ತಟ್ಟಿದಿರಿ. ನಾನು ಅದಕ್ಕೆ ಸ್ವಲ್ಪ ಅಡ್ಡ ಮಾತಾಡಬೇಕಾಗಿದೆ. ಊಟಕ್ಕೆ ಇನ್ನೂ ಹೊತ್ತಿದೆ, ಸಾಂಬಾರಿಗೆ ಈಗ ಒಗ್ಗರಣೆ ಬಿದ್ದ ವಾಸನೆ ಬಂತು, ಆದ್ದರಿಂದ ಅರ್ಧ ಗಂಟೆ ಸಹಿಸಿಕೊಳ್ಳಿ.

2018ರ ಮಾರ್ಚ್ 1ರಂದು ಪಾವಗಡದ ಸೋಲಾರ್ ಪಾರ್ಕಿನ ಮೊದಲ ಹಂತ ಉದ್ಘಾಟನೆಯಾಯಿತು. ನಾನು ರಜೆ ಹಾಕಿ ಊರಿಗೆ ಬಂದಿದ್ದೆ. ಟಿವಿಯಲ್ಲಿ ಅದನ್ನೇ ತೋರಿಸುತ್ತಿದ್ದರು. ಎರಡು ಸಾವಿರ ಮೆಗಾವ್ಯಾಟ್, ಜಗತ್ತಿನಲ್ಲೇ ದೊಡ್ಡದು, ‘ಶಕ್ತಿಸ್ಥಳ’ ಎಂದು ಹೆಸರು. ನನ್ನ ಅಮ್ಮ ಹಜಾರದಲ್ಲಿ ಹುರುಳಿ ಕೇರುತ್ತಾ ಕೂತಿದ್ದಳು. ಮೊರ ಕೆಳಗಿಟ್ಟು ಕೇಳಿದಳು: “ಎರಡು ಸಾವ್ರ ಮೆಗಾವಾಟು ಅಂದ್ರೆ ಎಷ್ಟು ಸೇರಪ್ಪಾ?”

ನಾನು ನಕ್ಕುಬಿಟ್ಟೆ. ಆಮೇಲೆ ಉತ್ತರ ಹೇಳಲು ಹೋದೆ, ಬರಲಿಲ್ಲ. ಮೂವತ್ತು ವರ್ಷಕ್ಕೂ ಮೇಲೆ ಆ ಇಲಾಖೆಯಲ್ಲಿ ಕೆಲಸ ಮಾಡಿದವನಿಗೆ ನನ್ನ ಅಮ್ಮನಿಗೆ ಅರ್ಥವಾಗುವಂತೆ ಒಂದು ಉತ್ತರ ಇರಲಿಲ್ಲ. ಅಮ್ಮ ಈಗ ಇಲ್ಲ. ಇವತ್ತು ನಿಮ್ಮೆದುರು ಆ ಉತ್ತರ ಹೇಳಿ ನೋಡುತ್ತೇನೆ.

ಮೆಗಾವ್ಯಾಟ್ ಅನ್ನುವುದು ರಾಗಿ ಅಲ್ಲ, ಕೊಳಗ. ಕೊಳಗ ಎಷ್ಟು ದೊಡ್ಡದು ಎಂದು ಅದು ಹೇಳುತ್ತದೆ. ಅದರೊಳಗೆ ರಾಗಿ ಎಷ್ಟಿದೆ ಎಂದು ಹೇಳುವುದು ಯೂನಿಟ್, ನಿಮ್ಮ ಮೀಟರಿನಲ್ಲಿ ಓಡುತ್ತದಲ್ಲ ಅದು. ಒಂದು ಮೆಗಾವ್ಯಾಟಿನ ಯಂತ್ರ ವರ್ಷವಿಡೀ ಹಗಲು ರಾತ್ರಿ ಒಂದು ಗಳಿಗೆಯೂ ನಿಲ್ಲದೆ ಓಡಿದರೆ 87 ಲಕ್ಷ 60 ಸಾವಿರ ಯೂನಿಟ್ ಬರಬೇಕು. ಮಕ್ಕಳು ಬೇಕಾದರೆ ಗುಣಿಸಿ ನೋಡಿ: ಸಾವಿರ ಕಿಲೋವ್ಯಾಟ್, ದಿನಕ್ಕೆ 24 ಗಂಟೆ, ವರ್ಷಕ್ಕೆ 365 ದಿನ. ನಮ್ಮ ಸೀಮೆಯ ಬಿಸಿಲಿನಲ್ಲಿ ಒಂದು ಮೆಗಾವ್ಯಾಟ್ ಸೋಲಾರ್ ಕೊಡುವುದು ವರ್ಷಕ್ಕೆ ಸುಮಾರು 16ರಿಂದ 17 ಲಕ್ಷ ಯೂನಿಟ್. ಅಂದರೆ ಐದು ಸೇರಿನ ಅಳತೆಯಲ್ಲಿ ಒಂದು ಸೇರು. ಇದು ಯಾರ ಮೋಸವೂ ಅಲ್ಲ. ರಾತ್ರಿ ಸೂರ್ಯ ಇರುವುದಿಲ್ಲ, ಬೆಳಗ್ಗೆ ಸಂಜೆ ಬಿಸಿಲು ಓರೆ, ಮಳೆಗಾಲದಲ್ಲಿ ಮೋಡ. ಕಲ್ಲಿದ್ದಲಿನ ಘಟಕವೂ ನೂರಕ್ಕೆ ನೂರು ಓಡುವುದಿಲ್ಲ ಅನ್ನಿ. ಆದರೆ ಭಾಷಣದಲ್ಲಿ ಕೊಳಗದ ಲೆಕ್ಕ ಹೇಳಿ, ಕೇಳುವವರು ರಾಗಿಯ ಲೆಕ್ಕ ಅಂದುಕೊಂಡು ಮನೆಗೆ ಹೋದರೆ, ಅಲ್ಲಿ ಏನೋ ತಪ್ಪಿದೆ. ‘ಎರಡು ಸಾವಿರ ಮೆಗಾವ್ಯಾಟ್, ರಾಯಚೂರಿನ ಶಾಖೋತ್ಪನ್ನ ಕೇಂದ್ರಕ್ಕಿಂತ ದೊಡ್ಡದು’ ಎಂದು ಯಾರಾದರೂ ಹೇಳಿದರೆ ಕೊಳಗ ದೊಡ್ಡದು ಎನ್ನುವುದು ನಿಜ, ಅಷ್ಟೇ.

ಇದಕ್ಕಿಂತ ದೊಡ್ಡ ವಿಷಯ ಹೊತ್ತಿನದು. ನಾನು ನೌಕರಿಯ ಕೊನೆಯ ಎಂಟು ವರ್ಷ ಬೆಂಗಳೂರಿನ ಲೋಡ್ ಡಿಸ್ಪ್ಯಾಚ್ ಕೇಂದ್ರದಲ್ಲಿದ್ದೆ. ರಾಜ್ಯದ ಯಾವ ಮೂಲೆಯಲ್ಲಿ ಎಷ್ಟು ಕರೆಂಟು ಹುಟ್ಟುತ್ತಿದೆ, ಎಷ್ಟು ಖರ್ಚಾಗುತ್ತಿದೆ ಎಂದು ಗೋಡೆಯಷ್ಟಗಲದ ಪರದೆಯಲ್ಲಿ ನೋಡುತ್ತಾ ಎರಡನ್ನೂ ಸರಿದೂಗಿಸುವ ಕೆಲಸ. ಕರೆಂಟನ್ನು ಕಣಜದಲ್ಲಿ ತುಂಬಿಡಲು ಆಗುವುದಿಲ್ಲ. ಹುಟ್ಟಿದ ಕ್ಷಣವೇ ಖರ್ಚಾಗಬೇಕು. ಹುಟ್ಟುವುದು ಕಡಿಮೆಯಾದರೆ ಫ್ರೀಕ್ವೆನ್ಸಿ 50ರಿಂದ ಕೆಳಗೆ ಇಳಿಯುತ್ತದೆ, ಹೆಚ್ಚಾದರೆ ಮೇಲೆ ಏರುತ್ತದೆ. ಎರಡೂ ಅಪಾಯ.

ಪಾವಗಡ ಪೂರ್ತಿ ಶುರುವಾದದ್ದು 2019ರ ಕೊನೆಗೆ. ಅದಾದ ಮೇಲೆ ನಮ್ಮ ಪರದೆಯ ಮೇಲಿನ ಗೆರೆಯ ಆಕಾರವೇ ಬದಲಾಯಿತು. ಬೆಳಗ್ಗೆ ಏಳರಿಂದ ಗೆರೆ ಗುಡ್ಡದಂತೆ ಏರುತ್ತಿತ್ತು. ಮಧ್ಯಾಹ್ನ ಹನ್ನೆರಡು, ಒಂದು ಗಂಟೆಗೆ ಕರೆಂಟು ಬೇಕಾದಷ್ಟು, ಕೆಲವು ದಿನ ಬೇಡವೆನ್ನುವಷ್ಟು. ಸಂಜೆ ಐದಾಯಿತು ಅಂದರೆ ಇಳಿಯಲು ಶುರು. ಆರೂವರೆಗೆ ಸೊನ್ನೆ. ಸರಿಯಾಗಿ ಅದೇ ಹೊತ್ತಿಗೆ ನೀವೆಲ್ಲ ಮನೆಯಲ್ಲಿ ದೀಪ ಹಾಕುತ್ತೀರಿ, ಟಿವಿ ಹಾಕುತ್ತೀರಿ, ಬೆಂಗಳೂರಿನವರು ಇನ್ನೂ ಏನೇನೋ ಹಾಕುತ್ತಾರೆ. ಆ ಹೊತ್ತಿಗೆ ನಾವು ಫೋನ್ ಮಾಡುತ್ತಿದ್ದುದು ಶರಾವತಿಗೆ, ವಾರಾಹಿಗೆ, ಕಾಳಿಗೆ. ನೀರಿನ ಯಂತ್ರ ಕೆಲವೇ ನಿಮಿಷದಲ್ಲಿ ಎದ್ದು ನಿಲ್ಲುತ್ತದೆ. 1960ರ ದಶಕದಲ್ಲಿ ಕೂರಿಸಿದ ಶರಾವತಿಯ ಯಂತ್ರಗಳು ನನ್ನ ಪಾಲಿಗೆ ಮನೆಯ ದೊಡ್ಡಣ್ಣನಂತೆ. ಹೊಸಬರು ಹೆಸರು ತಗೊಂಡರು, ಸಂಜೆಯ ಹೊರೆ ಹೊತ್ತದ್ದು ಅವನು.

ಹಾಗಾದರೆ ಮಳೆ ಬಾರದ ವರ್ಷ ಏನು ಗತಿ? 2023 ನಿಮಗೆ ನೆನಪಿದೆ. ಮುಂಗಾರು ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಘೋಷಿಸಿದರು. ಜಲಾಶಯಗಳಲ್ಲಿ ನೀರಿಲ್ಲ. ಮೋಡವಿಲ್ಲದ ಆಕಾಶ, ಸೋಲಾರಿಗೆ ಸುಗ್ಗಿ. ಆದರೂ ಅಕ್ಟೋಬರಿನಲ್ಲಿ ರೈತರು ಕರೆಂಟಿಗಾಗಿ ರಸ್ತೆಯಲ್ಲಿ ಕೂತರು. ರಾಜ್ಯದ ಖಾಸಗಿ ಉತ್ಪಾದಕರು ಹೊರಗೆ ಮಾರಬಾರದು ಎಂದು ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಹಾಕಬೇಕಾಯಿತು. ಉತ್ತರ ಪ್ರದೇಶ, ಪಂಜಾಬಿನಿಂದ ‘ಈಗ ಕೊಡಿ, ಆಮೇಲೆ ವಾಪಸ್ ಕೊಡುತ್ತೇವೆ’ ಎಂದು ಕರೆಂಟು ಕಡ ತರಬೇಕಾಯಿತು. ಪಕ್ಕದ ಮನೆಯಿಂದ ಕಾಫಿಪುಡಿ ತಂದಹಾಗೆ. ಸೋಲಾರಿನಲ್ಲಿ ದೇಶದ ಮುಂಚೂಣಿಯ ರಾಜ್ಯ ಅಂತ ಫಲಕ ಹಾಕಿಕೊಂಡ ನಾವು! ಆ ತಿಂಗಳು ನಾನು ಡ್ಯೂಟಿಯಲ್ಲಿದ್ದೆ. ಎಷ್ಟೋ ಸಂಜೆ ಪರದೆ ನೋಡುತ್ತಾ ಅಮ್ಮನ ಸೇರು ನೆನಪಾಗುತ್ತಿತ್ತು.

ಇದಕ್ಕೆ ಪರಿಹಾರವಾಗಿ ಈಗ ಹೇಳುತ್ತಿರುವುದು ಪಂಪ್ಡ್ ಸ್ಟೋರೇಜ್. ಮಧ್ಯಾಹ್ನದ ಹೆಚ್ಚಿನ ಕರೆಂಟಿನಿಂದ ಕೆಳಗಿನ ಜಲಾಶಯದ ನೀರನ್ನು ಮೇಲಕ್ಕೆ ಎತ್ತುವುದು, ಸಂಜೆ ಬಿಟ್ಟು ಕರೆಂಟು ಮಾಡುವುದು. ಇದು ತಾಂತ್ರಿಕವಾಗಿ ಸರಿ. ನಾಲ್ಕು ಯೂನಿಟ್ ಹಾಕಿದರೆ ಮೂರು ಯೂನಿಟ್‌ನಷ್ಟು ವಾಪಸ್ ಬರುತ್ತದೆ, ಒಂದು ದಾರಿಖರ್ಚು. ಆದರೆ ಶರಾವತಿಯಲ್ಲಿ ಇದನ್ನು ಮಾಡಲು ಹೊರಟಿರುವ ಜಾಗ ತಳಕಳಲೆಗೂ ಗೇರುಸೊಪ್ಪೆಗೂ ನಡುವೆ, ಸಿಂಗಳೀಕಗಳ ಅಭಯಾರಣ್ಯದೊಳಗೆ. ಭೂಮಿಯ ತಾಪ ಇಳಿಸಲು ಮಳೆಕಾಡನ್ನೇ ಅಗೆಯುವುದು! ಅಲ್ಲಿಯ ಜನ ಬೇಡ ಅನ್ನುತ್ತಿದ್ದಾರೆ. ಅವರನ್ನು ಅಭಿವೃದ್ಧಿ ವಿರೋಧಿಗಳು ಎನ್ನುವ ಮೊದಲು ಪಾವಗಡದ ಕರೆಂಟಿಗೆ ‘ಯೂನಿಟ್‌ಗೆ ಇಷ್ಟೇ’ ಎಂದು ಹೇಳಿದ ಬೆಲೆಯಲ್ಲಿ ಈ ಕಾಡಿನ ಬೆಲೆ ಸೇರಿತ್ತೇ ಎಂದು ಕೇಳಿಕೊಳ್ಳಬೇಕು. ಸೇರಿರಲಿಲ್ಲ.

ಇಷ್ಟು ಹೇಳಿದ ಮೇಲೆ ಒಳ್ಳೆಯದನ್ನೂ ಹೇಳದಿದ್ದರೆ ನಾನು ಸುಳ್ಳುಗಾರನಾಗುತ್ತೇನೆ. ಹಿಂದೆ ಪಂಪ್‌ಸೆಟ್ಟಿಗೆ ತ್ರೀಫೇಸ್ ಬರುತ್ತಿದ್ದುದು ನಡುರಾತ್ರಿ. ಕಂಬಳಿ ಹೊದ್ದು, ಬ್ಯಾಟರಿ ಹಿಡಿದು, ಹಾವು ಚೇಳಿನ ನಡುವೆ ನೀರು ಕಟ್ಟಲು ಹೋಗುತ್ತಿದ್ದವರು ಇಲ್ಲಿ ಎಷ್ಟು ಜನ ಇದ್ದೀರಿ? ಕೈ ಎತ್ತಿ. ನೋಡಿ, ಅರ್ಧ ಸಭೆ. ಸೋಲಾರ್ ಬಂದ ಮೇಲೆ ಹಲವು ಕಡೆ ಪಂಪ್‌ಸೆಟ್ಟಿನ ಪಾಳಿಯನ್ನು ಹಗಲಿಗೆ ತಿರುಗಿಸಲು ಆಯಿತು. ಇದು ಸಣ್ಣ ಮಾತಲ್ಲ. ನನ್ನ ತಮ್ಮ ಈಗ ರಾತ್ರಿ ಮನೆಯಲ್ಲಿ ಮಲಗುತ್ತಾನೆ.

ಇನ್ನೊಂದು ಮಾತನ್ನೂ ಸ್ಪಷ್ಟ ಮಾಡಿಬಿಡುತ್ತೇನೆ. ಹೋದ ತಿಂಗಳು ನನ್ನ ನೆಂಟರೊಬ್ಬರು, ಓದಿದವರೇ, ‘ಹವಾಮಾನ ಬದಲಾವಣೆ ಅನ್ನೋದೇ ಬುರುಡೆ ಕಣಯ್ಯಾ, ಹಿಂದೆಯೂ ಬರ ಇತ್ತು’ ಎಂದರು. ನಾನು ಹೇಳುತ್ತಿರುವುದು ಅದಲ್ಲ. ಹವಾಯಿ ದ್ವೀಪದ ಮೌನಾ ಲೋವಾ ಬೆಟ್ಟದ ಮೇಲೆ 1958ರಿಂದ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಅಳೆಯುತ್ತಿದ್ದಾರೆ. ಆಗ ಹತ್ತು ಲಕ್ಷದಲ್ಲಿ 315 ಭಾಗ ಇತ್ತು. ಈಗ 420 ದಾಟಿದೆ. ಅದು ಭೂಮಿಯ ಶಾಖವನ್ನು ಹೊರಹೋಗಲು ಬಿಡದ ಅನಿಲ. ಅಳತೆ ಮಾಡಿದ್ದನ್ನು ಇಲ್ಲ ಅನ್ನುವುದು ಅನುಮಾನವಲ್ಲ, ಹಟ. ನನ್ನ ಅನುಮಾನ ಇರುವುದು ಕಾಯಿಲೆಯ ಮೇಲಲ್ಲ, ಕೆಲವು ವೈದ್ಯರ ಬಿಲ್ಲಿನ ಮೇಲೆ.

ಆ ಬಿಲ್ಲು ಯಾರಿಗೆ ಹೋಗಬೇಕು? ಅಮೆರಿಕದ ಒಬ್ಬ ಮನುಷ್ಯನ ಪಾಲಿಗೆ ವರ್ಷಕ್ಕೆ ಸುಮಾರು 14 ಟನ್ ಇಂಗಾಲದ ಡೈಆಕ್ಸೈಡ್ ಬರುತ್ತದೆ. ನಮ್ಮಲ್ಲಿ ಒಬ್ಬನಿಗೆ ಸುಮಾರು 2 ಟನ್. ಅದೂ ಬೆಂಗಳೂರಿನವರನ್ನೂ ನಮ್ಮೂರಿನವರನ್ನೂ ಕೂಡಿಸಿ ಭಾಗಿಸಿದ್ದು. 2009ರಲ್ಲಿ ಕೋಪನ್‌ಹೇಗನ್‌ನಲ್ಲಿ ಶ್ರೀಮಂತ ದೇಶಗಳು, 2020ರ ಹೊತ್ತಿಗೆ ಬಡ ದೇಶಗಳಿಗೆ ವರ್ಷಕ್ಕೆ ಹತ್ತು ಸಾವಿರ ಕೋಟಿ ಡಾಲರ್ ಒದಗಿಸುತ್ತೇವೆ ಎಂದು ಮಾತು ಕೊಟ್ಟವು. ಅವರದೇ ಲೆಕ್ಕದಲ್ಲಿ ಆ ಮೊತ್ತ ಮುಟ್ಟಿದ್ದು 2022ರಲ್ಲಿ. ಅದರಲ್ಲೂ ಹೆಚ್ಚಿನದು ಸಾಲ. ನಮ್ಮ ಕಡೆ ಮದುವೆಗೆ ಮುಯ್ಯಿ ಮಾಡುತ್ತೇವೆ ಅಂದವರು ಎರಡು ವರ್ಷ ಬಿಟ್ಟು ಬಂದು, ಬಡ್ಡಿಗೆ ಕೊಟ್ಟು ಹೋದರೆ ಏನನ್ನುತ್ತೇವೆ?

ಹವಾಮಾನದ ಹೆಸರಿನಲ್ಲಿ ಇನ್ನೊಂದು ಆಟವೂ ನಡೆಯುತ್ತದೆ. ನಮ್ಮ ಕೆರೆ ಒಣಗಿದ್ದನ್ನು ತೆಗೆದುಕೊಳ್ಳಿ. ಕೇಳಿದರೆ ‘ಕ್ಲೈಮೇಟ್ ಚೇಂಜ್’ ಅನ್ನುತ್ತಾರೆ. ಸ್ವಲ್ಪ ಇರಬಹುದು. ಆದರೆ ಕೆರೆಗೆ ನೀರು ತರುತ್ತಿದ್ದ ಹಳ್ಳದ ಮೇಲೆ ಒತ್ತುವರಿ ಮಾಡಿದ್ದು ಹವಾಯಿಯ ಜನ ಅಲ್ಲ, ಇಲ್ಲೇ ಇದ್ದಾರೆ, ಹೆಸರು ಬೇಡ, ಊಟ ಒಟ್ಟಿಗೇ ಮಾಡಬೇಕು. ಸಾವಿರ ಅಡಿ ಬೋರು ಕೊರೆದವರೂ ನಾವೇ. ತೂಬಿನ ಹೂಳು ತೆಗೆಯದಿದ್ದುದೂ ನಾವೇ. ಕಾರ್ಬನ್ ಮೇಲೆ ಹಾಕಿದರೆ ಯಾರೂ ಉತ್ತರ ಹೇಳಬೇಕಾಗಿಲ್ಲ, ಅದಕ್ಕೆ ಅದು ಅಧಿಕಾರಿಗಳಿಗೂ ಹಿತ, ನಮಗೂ ಹಿತ.

ಹಿರಿಯರಿಗೆ ನೀಲಗಿರಿ ನೆನಪಿರಬೇಕು. 1980ರ ದಶಕದಲ್ಲಿ ಸಾಮಾಜಿಕ ಅರಣ್ಯ ಎಂದು ಬಂತು, ವಿಶ್ವಬ್ಯಾಂಕಿನ ಹಣ. ನಾಡು ಹಸಿರಾಗುತ್ತದೆ, ಬಡವರಿಗೆ ಸೌದೆ ಸಿಗುತ್ತದೆ ಅಂದರು. ಹಸಿರಾಯಿತು. ಆದರೆ ಆ ಹಸಿರಿನ ಕೆಳಗೆ ಹುಲ್ಲು ಬೆಳೆಯಲಿಲ್ಲ, ಮರ ಸೌದೆಗಿಂತ ಹೆಚ್ಚಾಗಿ ಕಾರ್ಖಾನೆಗೆ ಹೋಯಿತು. 1983ರಲ್ಲಿ ನಮ್ಮ ತುಮಕೂರು ಜಿಲ್ಲೆಯ ರೈತರೇ ನರ್ಸರಿಗೆ ನುಗ್ಗಿ ನೀಲಗಿರಿ ಸಸಿ ಕಿತ್ತು, ಹುಣಸೆ, ಮಾವಿನ ಬೀಜ ಹಾಕಿದರು. ಅವತ್ತು ಅವರನ್ನು ತಿಳಿಗೇಡಿಗಳು ಅಂದವರು ಇದ್ದರು. 2017ರಲ್ಲಿ ಸರ್ಕಾರವೇ ಹೊಸದಾಗಿ ನೀಲಗಿರಿ ಹಾಕಬಾರದೆಂದು ಆದೇಶ ಮಾಡಿತು. ತಿಳಿಗೇಡಿಗಳು ಸರಿ ಎಂದು ಗೊತ್ತಾಗಲು ಮೂವತ್ತನಾಲ್ಕು ವರ್ಷ. ಜತ್ರೋಫಾ ಕಥೆಯೂ ಹಾಗೆ. 2003ರಲ್ಲಿ ಯೋಜನಾ ಆಯೋಗ ಒಂದು ಕೋಟಿ ಹೆಕ್ಟೇರಿಗೂ ಮೇಲೆ ಹಾಕಿಸುತ್ತೇವೆ, ಪಾಳುಭೂಮಿಯಲ್ಲಿ ಡೀಸೆಲ್ ಬೆಳೆಯುತ್ತೇವೆ ಅಂದಿತು. ನಮ್ಮ ಬದುವಿನಲ್ಲಿ ಎಷ್ಟು ಡೀಸೆಲ್ ಬಂತು ನಿಮಗೆ ಗೊತ್ತು. ಬೇಲಿ ಆಯಿತು, ಅಷ್ಟು ಉಪಕಾರ.

ಎಲ್ಲವೂ ಹೀಗೇ ಅಂತಲ್ಲ. ನಮ್ಮ ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ ತಂಡದವರು, ಪ್ರೊಫೆಸರ್ ಎ.ಕೆ.ಎನ್. ರೆಡ್ಡಿ ಅವರು ಕಟ್ಟಿದ ತಂಡ ಅದು, 1980ರ ದಶಕದಲ್ಲಿ ಒಂದು ಕೆಲಸ ಮಾಡಿದರು. ಊರಿನ ದನದ ಸಗಣಿ ಕೂಡಿಸಿ ಗ್ಯಾಸ್, ಆ ಗ್ಯಾಸಿನಿಂದ ಎಂಜಿನ್, ಎಂಜಿನ್ನಿನಿಂದ ಕುಡಿಯುವ ನೀರಿನ ಪಂಪು ಮತ್ತು ಮನೆಗಳಿಗೆ ದೀಪ. ಸಗಣಿ ಕೊಟ್ಟವರಿಗೆ ಗೊಬ್ಬರ ವಾಪಸ್, ಜೊತೆಗೆ ಸ್ವಲ್ಪ ದುಡ್ಡು. ಊರಿನವರದೇ ಸಭೆ, ಅವರದೇ ಲೆಕ್ಕ. ಅದು ಶಾಶ್ವತವಾಗಿ ನಡೆಯಲಿಲ್ಲ, ನಡೆದಷ್ಟು ವರ್ಷ ಚೆನ್ನಾಗಿ ನಡೆಯಿತು. ನಾನು ಹೇಳಬೇಕೆಂದಿರುವುದು, ಅಲ್ಲಿ ಎಷ್ಟು ಸೇರು ಬಂತು ಎಂದು ಊರಿನ ಹೆಂಗಸರಿಗೆ ಗೊತ್ತಿತ್ತು. ನಲ್ಲಿ ತಿರುಗಿಸಿದರೆ ನೀರು.

ನಮ್ಮ ಶಾಲೆಯ ಮಾಳಿಗೆ ಮೇಲೂ ಸೋಲಾರ್ ಫಲಕ ಇದೆ, ಬರುವಾಗ ನೋಡಿರುತ್ತೀರಿ. ಯಾವುದೋ ಯೋಜನೆಯಲ್ಲಿ, ಯಾರೋ ಹಾಕಿಸಿಕೊಟ್ಟರು. ಟೇಪು ಕತ್ತರಿಸಿದರು, ಫೋಟೋ ತೆಗೆದರು. ಎರಡು ವರ್ಷಕ್ಕೆ ಬ್ಯಾಟರಿ ಹೋಯಿತು. ಹೊಸ ಬ್ಯಾಟರಿಗೆ ಯಾವ ಲೆಕ್ಕಶೀರ್ಷಿಕೆಯಲ್ಲೂ ಹಣ ಇರಲಿಲ್ಲ. ಈಗ ಪ್ಯಾನೆಲ್ಲಿನ ಕೆಳಗೆ ಪಾರಿವಾಳ ಇವೆ. ಆದರೆ ಕಚೇರಿಯ ಗೋಡೆ ಮೇಲೆ ಕಟ್ಟು ಹಾಕಿದ ಪ್ರಮಾಣಪತ್ರ ಇದೆ. ಈ ಶಾಲೆ ಪ್ರತಿವರ್ಷ ಇಷ್ಟು ಕಿಲೋ ಇಂಗಾಲ ಉಳಿಸುತ್ತದೆ ಅಂತ. ನಿನ್ನೆ ಓದಿದೆ. ಬ್ಯಾಟರಿ ಸತ್ತರೂ ಆ ಕಾಗದ ಇನ್ನೂ ಉಳಿಸುತ್ತಲೇ ಇದೆ. ಇಂಥ ಕಾಗದಗಳನ್ನೆಲ್ಲ ಯಾರಾದರೂ ಎಲ್ಲೋ ಕೂಡಿಸುತ್ತಿರಬಹುದೇ ಎಂದು ನನಗೆ ಭಯ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಇಷ್ಟೆಲ್ಲ ಹೇಳಿದ್ದು ಇದಕ್ಕೇ.

ಮೂರು ತಿಂಗಳಿಂದ ನಮ್ಮೂರಿಗೆ ಒಂದು ಬಿಳಿ ಕಾರು ಬರುತ್ತಿದೆ. ಗುಡ್ಡದ ಆಚೆಯ ಹೊಲಗಳನ್ನು ಸೋಲಾರಿಗೆ ಗುತ್ತಿಗೆ ಕೇಳುತ್ತಿದ್ದಾರೆ. 28 ವರ್ಷ. ಪಾವಗಡದಲ್ಲಿ ಕೊಟ್ಟ ಹಾಗೆಯೇ ಕೊಡುತ್ತೇವೆ ಅನ್ನುತ್ತಾರೆ. ನಮ್ಮ ಏಳು ಎಕರೆಯೂ ಅದರಲ್ಲಿದೆ. ಪಹಣಿ ನನ್ನ ಮತ್ತು ತಮ್ಮನ ಜಂಟಿ ಹೆಸರಿನಲ್ಲಿದೆ. ತಮ್ಮ ಸಹಿ ಹಾಕಲು ತಯಾರಾಗಿದ್ದಾನೆ. ನನ್ನ ಸಹಿ ಬಾಕಿ. ಊರಿನಲ್ಲಿ ಕೆಲವರು ‘ಇವನೊಬ್ಬನಿಂದ ತಡ’ ಅನ್ನುತ್ತಿದ್ದಾರೆ ಎಂದು ನನಗೆ ಗೊತ್ತು.

ನಾನು ಪಾವಗಡಕ್ಕೆ ಹೋಗಿ ಬಂದೆ. ತಿರುಮಣಿ, ವಳ್ಳೂರು, ಬಳಸಮುದ್ರ ಕಡೆ ಎರಡು ದಿನ ತಿರುಗಿದೆ. ಐದು ಹಳ್ಳಿ ಸೇರಿ 13,000 ಎಕರೆ. ದಿಬ್ಬದ ಮೇಲೆ ನಿಂತರೆ ದೊಡ್ಡ ಕೆರೆ ತುಂಬಿದ ಹಾಗೆ ಕಾಣುತ್ತದೆ. ಹತ್ತಿರ ಹೋದರೆ ಗಾಜು. ಅಲ್ಲಿ ಸರ್ಕಾರ ಭೂಮಿ ಕಿತ್ತುಕೊಳ್ಳಲಿಲ್ಲ, ಗುತ್ತಿಗೆಗೆ ತೆಗೆದುಕೊಂಡಿತು, ಹೊಲ ರೈತನ ಹೆಸರಿನಲ್ಲೇ ಉಳಿಯಿತು. ಇದು ಒಳ್ಳೆಯ ದಾರಿ, ಒಪ್ಪುತ್ತೇನೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡಾ 5 ಏರಿಕೆ. ಟೀ ಅಂಗಡಿಯಲ್ಲಿ ಒಬ್ಬ ಹಿರಿಯರು ಹೇಳಿದರು: “ಕಡ್ಲೆಕಾಯಿ ಹಾಕಿ ಮೋಡ ನೋಡ್ತಾ ಕೂತ್ಕೊಂತಿದ್ದೆ ಸಾಮಿ. ಮಳೆ ಯಾವತ್ತೂ ಬಾಡಿಗೆ ಕೊಡ್ಲಿಲ್ಲ. ಇವರು ಕೊಡ್ತಾರೆ.” ಅವರ ಮಾತಿಗೆ ಎದುರು ಹೇಳಲು ನನ್ನಲ್ಲಿ ಏನೂ ಇರಲಿಲ್ಲ. ಬರದ ಮೇಲೆ ಬರ ಕಂಡ ತಾಲ್ಲೂಕು ಅದು.

ಆದರೆ ಪಕ್ಕದ ಬೆಂಚಿನ ಮೇಲೆ ಕೂತಿದ್ದ ಹೆಂಗಸಿಗೆ ಹೊಲ ಇರಲಿಲ್ಲ. ಕಡ್ಲೆಕಾಯಿ ಕೀಳುವ ಕೂಲಿ, ಕಳೆ ಕೂಲಿ, ಹೊಲದಲ್ಲಿ ಉಳಿದ ಹುಲ್ಲು, ಸೌದೆ, ಅಷ್ಟರಲ್ಲಿ ಸಂಸಾರ ಇತ್ತು. ಅದು ಹೋಯಿತು. ಪ್ಯಾನೆಲ್ ತೊಳೆಯುವ ಕೆಲಸ, ಕಾವಲು ಕೆಲಸ ಕೆಲವರಿಗೆ ಸಿಕ್ಕಿದೆ, ಆಕೆಗೆ ಸಿಗಲಿಲ್ಲ. ಕರಾರು ಎಕರೆಯ ಲೆಕ್ಕದ್ದು. ಎಕರೆ ಇಲ್ಲದವರು ಅದರಲ್ಲಿ ಎಲ್ಲೂ ಬರುವುದಿಲ್ಲ.

ವಾಪಸ್ ಬಂದು ಲೆಕ್ಕ ಹಾಕಿದೆ. 2,050 ಮೆಗಾವ್ಯಾಟಿಗೆ 13,000 ಎಕರೆ ಅಂದರೆ ಮೆಗಾವ್ಯಾಟಿಗೆ ಆರೂಕಾಲು ಎಕರೆ ಚಿಲ್ಲರೆ. ಬಾಡಿಗೆ ಸುಮಾರು ಒಂದು ಲಕ್ಷ ಮೂವತ್ಮೂರು ಸಾವಿರ. ಅದರಿಂದ ಹುಟ್ಟುವ ಯೂನಿಟ್ ಹದಿನಾರೂವರೆ ಲಕ್ಷ ಎಂದು ಇಟ್ಟುಕೊಳ್ಳಿ. ಭಾಗಿಸಿದರೆ ಯೂನಿಟ್‌ಗೆ ಎಂಟು ಪೈಸೆ. ಕರೆಂಟು ಮೂರು ರೂಪಾಯಿಗೆ ಮಾರಿದರೂ ಅದರಲ್ಲಿ ನೆಲದ ಪಾಲು ಎಂಟು ಪೈಸೆ. ಯಂತ್ರ ಹಾಕಿದವರಿಗೆ ಖರ್ಚಿದೆ, ಬ್ಯಾಂಕಿನ ಸಾಲ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ‘ಇದಕ್ಕಿಂತ ಹೆಚ್ಚು ಕೊಟ್ಟರೆ ಯೋಜನೆಯೇ ನಿಲ್ಲುತ್ತದೆ’ ಎಂದು ಕಾರಿನವರು ಹೇಳಿದಾಗ ಈ ಎಂಟು ಪೈಸೆ ನಿಮ್ಮ ತಲೆಯಲ್ಲಿರಲಿ. ಅದು ಹನ್ನೆರಡು ಪೈಸೆ ಆದರೆ ಸೂರ್ಯ ಹುಟ್ಟುವುದು ನಿಲ್ಲುವುದಿಲ್ಲ.

ಇನ್ನು ಏರಿಕೆ. ಇಲ್ಲಿ ಮುಂದಿನ ಸಾಲಿನಲ್ಲಿ ನಮ್ಮ ಗಣಿತದ ಮೇಷ್ಟ್ರು ಕೂತಿದ್ದಾರೆ, ತಪ್ಪಿದರೆ ತಿದ್ದಲಿ. ಒಂಬತ್ತನೇ ತರಗತಿಯಲ್ಲಿ ಚಕ್ರಬಡ್ಡಿ ಹೇಳಿಕೊಡುವಾಗ ನನ್ನನ್ನು ಬೋರ್ಡಿನ ಹತ್ತಿರ ಅರ್ಧ ಗಂಟೆ ನಿಲ್ಲಿಸಿದ್ದರು. ಎರಡು ವರ್ಷಕ್ಕೊಮ್ಮೆ ಶೇಕಡಾ 5 ಏರಿದರೆ, 21,000 ಇದ್ದ ಬಾಡಿಗೆ ಕೊನೆಯ ಎರಡು ವರ್ಷ ಸುಮಾರು 39,600 ಆಗುತ್ತದೆ. ಕೇಳಲು ಚೆನ್ನಾಗಿದೆ, ಹತ್ತಿರ ಹತ್ತಿರ ದುಪ್ಪಟ್ಟು. ಆದರೆ ಅಕ್ಕಿ, ಎಣ್ಣೆ, ಔಷಧಿ, ಕಾಲೇಜಿನ ಫೀಸು, ಇವು ಎರಡು ವರ್ಷ ಕಾಯುವುದಿಲ್ಲ. ವರ್ಷಕ್ಕೆ ಶೇಕಡಾ 5 ಏರುತ್ತವೆ ಎಂದೇ ಇಟ್ಟುಕೊಂಡರೂ, ಇವತ್ತು 21,000ಕ್ಕೆ ಸಿಗುವ ಸಾಮಾನು ಆಗ ಸುಮಾರು 78,000. ಅಂದರೆ ಇವತ್ತು ಬಾಡಿಗೆಯಲ್ಲಿ ಎರಡು ಮೂಟೆ ಬಂದರೆ ಕೊನೆಗೆ ಒಂದೇ ಮೂಟೆ ಬರುತ್ತದೆ. ಸರಿಯಾ ಮೇಷ್ಟ್ರೇ? (ಮೇಷ್ಟ್ರು ಕೂತಲ್ಲೇ ಕೈಯಲ್ಲಿ ಲೆಕ್ಕ ಮಾಡಿ ತಲೆಯಾಡಿಸಿದರು.) ಬದುಕಿದೆ.

ಇದನ್ನು ತಮ್ಮನಿಗೆ ತೋರಿಸಿದೆ. ಅವನು ಕಾಗದ ನೋಡಿ, ಮಡಚಿ, ವಾಪಸ್ ಕೊಟ್ಟು ಹೇಳಿದ: “ಅಣ್ಣಾ, ನೀನು ಪೆನ್ಶನ್ ತಗೊಂಡು ಇಪ್ಪತ್ತೆಂಟು ವರ್ಷದ ಲೆಕ್ಕ ಹೇಳ್ತೀಯ. ನಂಗೆ ಯುಗಾದಿವರೆಗಿನ ಲೆಕ್ಕ ಸಾಕಾಗಿದೆ.” ಎರಡು ಬೋರು ಒಣಗಿ, ಸೊಸೈಟಿ ಸಾಲ, ಒಡವೆ ಸಾಲ ಅವನ ತಲೆಮೇಲಿದೆ. ಅವನ ಮಾತೂ ಸರಿ. ರಾತ್ರಿ ನಿದ್ದೆ ಬರಲಿಲ್ಲ. ನಾನು ಬೆಂಗಳೂರಿನಲ್ಲಿ ಮನೆ ಕಟ್ಟಿದಾಗ ಆ ಏಳು ಎಕರೆ ಉತ್ತು ಅಮ್ಮನನ್ನು ನೋಡಿಕೊಂಡವನು ಅವನು.

ಮಾರನೆಯ ದಿನ ಗುಡ್ಡದ ಹತ್ತಿರ ಹೋದೆ. ನನ್ನ ಜೊತೆ ಹತ್ತನೇ ತರಗತಿವರೆಗೆ ಓದಿದ ಗೆಳೆಯ ಅರವತ್ತು ಕುರಿ ಬಿಟ್ಟುಕೊಂಡು ನಿಂತಿದ್ದ. ಪರೀಕ್ಷೆಯಲ್ಲಿ ಯಾವಾಗಲೂ ನನಗಿಂತ ಮುಂದೆ ಇದ್ದವನು. ಅವನಿಗೆ ಒಂದು ಗುಂಟೆಯೂ ಇಲ್ಲ. ಕೊಯ್ಲಾದ ಮೇಲೆ ನಮ್ಮೆಲ್ಲರ ಹೊಲ ಅವನ ಕುರಿಗೆ ಮೇವು, ಅವನ ಕುರಿ ನಮ್ಮ ಹೊಲಕ್ಕೆ ಗೊಬ್ಬರ. ಇದಕ್ಕೆ ಯಾವ ಕಾಗದವೂ ಇಲ್ಲ, ತಾತನ ಕಾಲದಿಂದ ನಡೆದಿದೆ. “ಅಲ್ಲ ಕಣಲೇ, ನಿಮ್ಗೆ ಎಕ್ರೆಗಿಷ್ಟು ಅಂತ ಕೊಡ್ತಾರೆ. ನನ್ ಕುರಿಗೆ ತಲೆಗಿಷ್ಟು ಅಂತ ಯಾರ್ ಕೊಡ್ತಾರೆ?” ಅಂದ. ನಗುತ್ತಲೇ ಅಂದ. ಇವತ್ತು ಅವನು ಇಲ್ಲಿ ಬಂದಿಲ್ಲ. ಕುರಿ ಬಿಟ್ಟು ಬರಲು ಆಗುವುದಿಲ್ಲ.

ಸೋಲಾರ್ ಬೇಡ ಅನ್ನಲು ನಾನು ಇಲ್ಲಿ ನಿಂತಿಲ್ಲ. ಕಾರಿನವರಿಗೆ ನಾನು ಕೇಳಿದ್ದು ಕರಾರಿನ ಪ್ರತಿಯನ್ನು ಕನ್ನಡದಲ್ಲಿ ಕೊಡಿ ಅಂತ. ಮೂರು ಸಲ ಇಂಗ್ಲಿಷಿನದೇ ಬಂತು, ನಾಲ್ಕನೇ ಸಲ ಕನ್ನಡದ್ದು ಬಂತು. ಓದಿದೆ. 28 ವರ್ಷ ಆದ ಮೇಲೆ ಹಳೆಯ ಗಾಜು, ಕಬ್ಬಿಣ, ಕಾಂಕ್ರೀಟು ಯಾರು ತೆಗೆಯಬೇಕು ಎಂದು ಅದರಲ್ಲಿಲ್ಲ. ಬದು, ಕಲ್ಲು ಅಳಿಸಿದ ಮೇಲೆ ಯಾರ ಹೊಲ ಎಲ್ಲಿತ್ತು ಎಂದು ಮತ್ತೆ ಅಳತೆ ಮಾಡಿಸುವ ಖರ್ಚು ಯಾರದು ಎಂದಿಲ್ಲ. ಕಂಪನಿ ಬೇರೆಯವರಿಗೆ ಮಾರಿದರೆ ಬಾಡಿಗೆ ಯಾರನ್ನು ಕೇಳಬೇಕು ಎನ್ನುವಲ್ಲಿ ಒಂದು ಸಾಲು ಇದೆ, ಅದು ನನಗೂ ಅರ್ಥವಾಗಲಿಲ್ಲ. ಪ್ಯಾನೆಲ್ ಸ್ವಲ್ಪ ಎತ್ತರಕ್ಕೆ ಹಾಕಿ ಕೆಳಗೆ ಕುರಿ ಮೇಯಲು ಬಿಡಬಹುದು, ಹುಲ್ಲು ಕತ್ತರಿಸುವ ಕೂಲಿಯೂ ಅವರಿಗೆ ಉಳಿಯುತ್ತದೆ ಎಂದು ಹೇಳಿದೆ. ‘ಮೇಲಿನವರನ್ನು ಕೇಳಬೇಕು ಸರ್’ ಅಂದರು. ಇನ್ನೊಂದು ದಾರಿಯೂ ಇದೆ. 2019ರಲ್ಲಿ ಬಂದ ಕೇಂದ್ರದ ಕುಸುಮ್ ಯೋಜನೆಯಲ್ಲಿ ಸಬ್‌ಸ್ಟೇಷನ್ನಿನ ಪಕ್ಕದಲ್ಲೇ ಸಣ್ಣ ಘಟಕ ಹಾಕಿ, ಅಲ್ಲಿಯದೇ ಫೀಡರಿನ ಪಂಪ್‌ಸೆಟ್ಟುಗಳಿಗೆ ಹಗಲು ಕರೆಂಟು ಕೊಡಲು ಬರುತ್ತದೆ. ಅದಕ್ಕೆ ಸಾವಿರಾರು ಎಕರೆ ಬೇಡ. ನಮ್ಮ ಹೋಬಳಿಯ ಸಬ್‌ಸ್ಟೇಷನ್ನಿನ ಹಿಂದೆ ಮುಳ್ಳುಜಾಲಿ ಬೆಳೆದ ಜಾಗ ಇದೆ. ಅರ್ಜಿ ಹಾಕುವುದು ಹೇಗೆ ಎಂದು ನಾನು ಬರೆದುಕೊಂಡು ಬಂದಿದ್ದೇನೆ.

ಬರುವ ಮಂಗಳವಾರ ಗ್ರಾಮಸಭೆ ಇದೆ. ಅಲ್ಲಿ ಕಾರಿನವರೂ ಬರುತ್ತಾರೆ. ಕನ್ನಡದ ಕರಾರಿನ ನಲವತ್ತು ಜೆರಾಕ್ಸ್ ಮಾಡಿಸಿದ್ದೇನೆ, ಪ್ರತಿಯೊಂದು ಪ್ರಶ್ನೆಯ ಪಕ್ಕ ಗುರುತು ಹಾಕಿದ್ದೇನೆ. ಊಟ ಆದಮೇಲೆ ಹೊರಗಡೆ ಹುಣಸೆಮರದ ಕೆಳಗೆ ಕೂತಿರುತ್ತೇನೆ, ನನ್ನ ತಮ್ಮನೂ ಬರುತ್ತೇನೆ ಅಂದಿದ್ದಾನೆ. ಪಹಣಿ ಇರುವವರು ಪಹಣಿ ತಗೊಂಡು ಬನ್ನಿ. ಇಲ್ಲದವರೂ ಬನ್ನಿ. ಗುಡ್ಡದ ಕಡೆ ಹೋಗುವ ಹುಡುಗರು ಯಾರಾದರೂ ಇದ್ದರೆ ನನ್ನ ಗೆಳೆಯನಿಗೂ ಒಂದು ಪ್ರತಿ ತಲುಪಿಸಿ, ಅವನ ಅಕ್ಷರ ನನ್ನದಕ್ಕಿಂತ ಚೆನ್ನಾಗಿದೆ, ಅರ್ಜಿ ಅವನೇ ಬರೆಯಲಿ.